ಕಲಾವಿದರ ಹೊಣೆ: ಬೀದಿಗಿಳಿಯುವುದೇ, ಒಲ್ಲೆ ಎನ್ನುವುದೇ? ಬೆಲೆ ತೆರುವವರು ಯಾರು?

ರಂಗಸಂಗಾತಿ:

ಎಲ್ಲಿ ಏನೇ ಅನ್ಯಾಯ ನಡೆದರೂ ಮರುದಿನವೇ ಒಂದು ಪಟ್ಟಿ ಹೊರಡುತ್ತದೆ. ಯಾವ ನಟ ಬಾಯಿ ಬಿಟ್ಟಿಲ್ಲ, ಯಾವ ಗಾಯಕಿ ಸುಮ್ಮನಿದ್ದಾರೆ, ಯಾವ ಲೇಖಕರು ಖಂಡನಾ ಪತ್ರಕ್ಕೆ ಸಹಿ ಹಾಕಿಲ್ಲ ಎಂಬ ಪಟ್ಟಿ. ಬಹುಕಾಲದಿಂದ ರಂಗಭೂಮಿಯಲ್ಲಿರುವ ನನಗೆ ಈ ಪಟ್ಟಿಗಳ ಮೇಲೆ ನಂಬಿಕೆಯಿಲ್ಲ. ನಾಲ್ಕು ಸಾಲಿನ ಖಂಡನೆ ಬರೆದು, ವಾರ ಕಳೆಯುವುದರೊಳಗೆ ಅದೇ ಜನರ ಕೈಯಿಂದ ಶಾಲು ಹೊದೆಸಿಕೊಂಡವರನ್ನು ಕಂಡಿದ್ದೇನೆ. ಒಂದು ಹೇಳಿಕೆಯನ್ನೂ ಕೊಡದೆ, ಕರೆದ ವೇದಿಕೆಯನ್ನು ಹತ್ತದೆ ಬದುಕನ್ನು ಇಕ್ಕಟ್ಟಿಗೆ ಒಡ್ಡಿಕೊಂಡವರನ್ನೂ ಕಂಡಿದ್ದೇನೆ.

ಎಲ್ಲದರ ಬಗ್ಗೆಯೂ ಮಾತನಾಡು ಎಂದು ಕಲಾವಿದನನ್ನು ಯಾರೂ ಒತ್ತಾಯಿಸಲಾಗದು. ಆದರೆ ತನ್ನ ದನಿ, ಮುಖ, ಹೆಸರು ಯಾರ ಕೆಲಸಕ್ಕೆ ಒದಗುತ್ತಿವೆ ಎಂಬುದಕ್ಕೆ ಅವನು ಉತ್ತರ ಕೊಡಲೇಬೇಕು ಎಂಬುದು ನನ್ನ ವಾದ. 1976ರಲ್ಲಿ ಕಿಶೋರ್ ಕುಮಾರ್ ಮೆರವಣಿಗೆ ಹೊರಡಲಿಲ್ಲ, ಭಾಷಣ ಮಾಡಲಿಲ್ಲ. ತುರ್ತು ಪರಿಸ್ಥಿತಿಯ ಸರ್ಕಾರ ತನ್ನ ಪ್ರಚಾರಕ್ಕೆ ಹಾಡಿಕೊಡಿ ಎಂದಾಗ ಒಲ್ಲೆ ಎಂದರು. ಅವರ ಹಾಡುಗಳು ಆಕಾಶವಾಣಿಯಿಂದಲೂ ದೂರದರ್ಶನದಿಂದಲೂ ಮಾಯವಾದವು. ಮನೆಮನೆಯಲ್ಲೂ ರೇಡಿಯೊ ಒಂದೇ ಸಂಗೀತದ ದಾರಿಯಾಗಿದ್ದ ಕಾಲದಲ್ಲಿ ಹಿನ್ನೆಲೆ ಗಾಯಕನೊಬ್ಬನಿಗೆ ಇದು ಎಷ್ಟು ದೊಡ್ಡ ಪೆಟ್ಟು ಎಂದು ಯೋಚಿಸಿ. ಆ ನಿರಾಕರಣೆಯನ್ನು ನಾನು ಹತ್ತು ಖಂಡನಾ ಸಭೆಗಳಿಗಿಂತ ಮೇಲಿಡುತ್ತೇನೆ. ನೀವೆಲ್ಲ ಏನೆನ್ನುತ್ತೀರಿ?

ಕುಂಚ:

ಒಲ್ಲೆ ಎನ್ನಬೇಕಾದರೆ ಮೊದಲು ಯಾರಾದರೂ ಕರೆಯಬೇಕು. ಹೆಸರಿಲ್ಲದ ಚಿತ್ರಕಾರರನ್ನು ಯಾವ ಸರ್ಕಾರ ಕರೆಯುತ್ತದೆ? ನಿರಾಕರಣೆಯನ್ನೇ ಹೊಣೆಯ ಅಳತೆ ಮಾಡಿದರೆ ಅದು ದೊಡ್ಡವರಿಗಷ್ಟೇ ಸಿಗುವ ಗೌರವವಾಗುತ್ತದೆ.

ಬಂಗಾಳದ 1943ರ ಬರಗಾಲವನ್ನು ನೆನೆಯಿರಿ. ಸುಮಾರು 30 ಲಕ್ಷ ಜನ ಸತ್ತರು. ಯುದ್ಧದ ನೆಪದಲ್ಲಿ ಬ್ರಿಟಿಷ್ ಆಡಳಿತ ಸುದ್ದಿಯನ್ನು ಅದುಮಿಟ್ಟಿತ್ತು. ಆಗ ಚಿತ್ತಪ್ರಸಾದ್ ಎಂಬ ತರುಣ ಮಿಡ್ನಾಪುರದ ಹಳ್ಳಿಗಳಲ್ಲಿ ಅಲೆದು, ಕಂಡದ್ದನ್ನು ಮಸಿಯಲ್ಲಿ ಬರೆದರು. ಆ ಚಿತ್ರಗಳನ್ನು ಒಳಗೊಂಡ ಕಿರುಹೊತ್ತಗೆಯ ಪ್ರತಿಗಳನ್ನೆಲ್ಲ ಸರ್ಕಾರ ಹುಡುಕಿ ಹುಡುಕಿ ನಾಶ ಮಾಡಿತು, ಉಳಿದದ್ದು ಬೆರಳೆಣಿಕೆಯಷ್ಟು. ಅದೇ ಹೊತ್ತಿಗೆ ಕಲ್ಕತ್ತೆಯ ಬೀದಿಗಳಲ್ಲಿ ಜೈನುಲ್ ಆಬೆದಿನ್ ಅಗ್ಗದ ಕಾಗದದ ಮೇಲೆ ಹಸಿದವರನ್ನು ಚಿತ್ರಿಸುತ್ತಿದ್ದರು. ಇವರಿಬ್ಬರೂ 'ನಾನು ಸರ್ಕಾರದ ಪ್ರಚಾರಚಿತ್ರ ಬರೆಯುವುದಿಲ್ಲ' ಎಂದು ಸುಮ್ಮನಿದ್ದಿದ್ದರೆ ಇವತ್ತು ನಮ್ಮ ಕಣ್ಣಿಗೆ ಆ ಬರಗಾಲದ ಮುಖವೇ ಇರುತ್ತಿರಲಿಲ್ಲ. ನೋಡುವ ಕಣ್ಣು, ಬರೆಯುವ ಕೈ ಎರಡೂ ಇದ್ದವನು ನೋಡಿದ್ದನ್ನು ದಾಖಲಿಸಬೇಕು. ಇದನ್ನು ನಾನು ಹೊಣೆ ಎಂದೇ ಕರೆಯುತ್ತೇನೆ, ಐಚ್ಛಿಕ ಎನ್ನಲಾರೆ.

ತಂಬೂರಿ:

ಕುಂಚ ಅವರ ಮಾತಿನ ಕೊನೆಯ ಸಾಲು ನನ್ನಲ್ಲಿ ಭಯ ಹುಟ್ಟಿಸುತ್ತದೆ. 'ಹೊಣೆ, ಐಚ್ಛಿಕವಲ್ಲ' ಎಂಬ ಮಾತನ್ನು ಕಲಾವಿದರಿಗೆ ಹೇಳಿದ ಆಡಳಿತಗಳು ಇತಿಹಾಸದಲ್ಲಿ ಇವೆ. ಸೋವಿಯತ್ ಸಂಗೀತ ರಚನಕಾರ ಶೋಸ್ತಕೋವಿಚ್ ಅವರ ಒಪೆರಾವನ್ನು (ಸಂಗೀತ ನಾಟಕವನ್ನು) ಸ್ಟಾಲಿನ್ ನೋಡಿ ಎದ್ದುಹೋದ ಮೇಲೆ 1936ರ ಜನವರಿಯಲ್ಲಿ ಕಮ್ಯುನಿಸ್ಟ್ ಪಕ್ಷದ 'ಪ್ರಾವ್ದಾ' ಪತ್ರಿಕೆ ಅದನ್ನು ಸಂಗೀತವೇ ಅಲ್ಲ, ಗದ್ದಲ ಎಂದು ಹಳಿಯಿತು. 1948ರಲ್ಲಿ ಪಕ್ಷದ ನಿರ್ಣಯವೇ ಹೊರಬಿತ್ತು. ಜನರಿಂದ ದೂರವಾದ ಸಂಗೀತ ಬರೆಯುತ್ತಾರೆ ಎಂಬ ಆರೋಪ ಹೊರಿಸಿ ಅವರನ್ನು ಮಾಸ್ಕೋ, ಲೆನಿನ್‌ಗ್ರಾಡ್ ಎರಡೂ ಸಂಗೀತ ವಿದ್ಯಾಲಯಗಳ ಅಧ್ಯಾಪನದಿಂದ ತೆಗೆದುಹಾಕಿದರು. ಆ ನಿರ್ಣಯದ ಭಾಷೆ ತುಂಬಾ ಪರಿಚಿತ: ಸಮಾಜಕ್ಕೆ ಉಪಯೋಗವಾಗಬೇಕು, ಜನರಿಗೆ ಅರ್ಥವಾಗಬೇಕು, ಪ್ರಗತಿಯ ಪರ ಇರಬೇಕು.

ನಾನು ಶಾಸ್ತ್ರೀಯ ಸಂಗೀತ ಹಾಡುವವಳು. ಒಂದು ರಾಗವನ್ನು ಅರ್ಥ ಮಾಡಿಕೊಳ್ಳಲು ಆಯುಷ್ಯ ಸಾಲದು ಎಂದು ಗುರುಗಳು ಹೇಳುತ್ತಿದ್ದರು, ನನಗೂ ಹಾಗೇ ಅನ್ನಿಸಿದೆ. ಕಾನೂನು, ಅರ್ಥವ್ಯವಸ್ಥೆ, ಗಡಿ ವಿವಾದಗಳ ಬಗ್ಗೆ ನನ್ನ ತಿಳಿವಳಿಕೆ ಯಾವುದೇ ಪತ್ರಿಕೆ ಓದುವವರಷ್ಟೇ. ನನ್ನ ದನಿ ಚೆನ್ನಾಗಿದೆ ಎಂಬ ಕಾರಣಕ್ಕೆ ನನ್ನ ಅಭಿಪ್ರಾಯಕ್ಕೆ ಹೆಚ್ಚು ತೂಕ ಏಕೆ ಬರಬೇಕು? ಅದು ಪ್ರಜಾಪ್ರಭುತ್ವಕ್ಕೆ ಒಳ್ಳೆಯದೇ?

ರಂಗಸಂಗಾತಿ:

ತಂಬೂರಿ ಅವರೇ, ಒತ್ತಾಯ ಬೇಡ ಎಂದು ನಾನು ಹೇಳಿದ್ದೂ ಇದೇ ಕಾರಣಕ್ಕೆ. ಆದರೆ 'ನನಗೆ ರಾಜಕೀಯ ತಿಳಿಯದು, ನನ್ನದು ಕಲೆ ಮಾತ್ರ' ಎಂಬ ಮಾತಿಗೂ ಒಂದು ಚರಿತ್ರೆ ಇದೆ. 1934ರ ನ್ಯೂರೆಂಬರ್ಗ್ ನಾಜಿ ಸಮಾವೇಶವನ್ನು ಚಿತ್ರೀಕರಿಸಿದ ಜರ್ಮನ್ ನಿರ್ದೇಶಕಿ ಲೆನಿ ರೀಫೆನ್‌ಸ್ಟಾಲ್ 2003ರಲ್ಲಿ 101ನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅದನ್ನೇ ಹೇಳಿದರು. ಕ್ಯಾಮೆರಾ ಚಲನೆ, ಸಂಕಲನ ಇವತ್ತಿಗೂ ಪಾಠವಾಗುವಷ್ಟು ಚೆನ್ನಾಗಿದೆ ಎಂಬುದು ನಿಜ. ಮುಂದೆ ಯುದ್ಧಕಾಲದ ಇನ್ನೊಂದು ಚಿತ್ರಕ್ಕೆ ಅವರು ಬಂಧನ ಶಿಬಿರಗಳಿಂದ ರೋಮಾ ಮತ್ತು ಸಿಂತಿ ಜನರನ್ನು ತಂದು ಗುಂಪಿನ ದೃಶ್ಯಗಳಲ್ಲಿ ನಿಲ್ಲಿಸಿದರು. ಅವರಲ್ಲಿ ಅನೇಕರನ್ನು ಬಳಿಕ ಹತ್ಯಾ ಶಿಬಿರವಾದ ಆಶ್‌ವಿಟ್ಜ್‌ಗೆ ಸಾಗಿಸಲಾಯಿತು. ಪರಿಣತಿ ಹೆಚ್ಚಿದಷ್ಟೂ ಅದನ್ನು ಯಾರಿಗೆ ಕೊಡುತ್ತಿದ್ದೇವೆ ಎಂಬ ಪ್ರಶ್ನೆ ತೀಕ್ಷ್ಣವಾಗುತ್ತದೆ.

ನಿಮ್ಮ ಅಭಿಪ್ರಾಯಕ್ಕೆ ಹೆಚ್ಚು ತೂಕ ಬೇಡ, ಒಪ್ಪಿದೆ. ಆದರೆ ನಿಮ್ಮ ಹಾಡಿಗೆ ಹೆಚ್ಚು ತೂಕ ಇದ್ದೇ ಇದೆ. ಅದನ್ನು ಸಮಾರಂಭಕ್ಕೆ ಕರೆಯುವವರು ನಿಮಗಿಂತ ಚೆನ್ನಾಗಿ ಬಲ್ಲರು.

ಹಲಗೆಯ ದನಿ:

ಇಷ್ಟು ಹೊತ್ತು ಓದಿದೆ. ಕಲೆಯನ್ನು ಒಂದು ಕಡೆ, ಹೋರಾಟವನ್ನು ಇನ್ನೊಂದು ಕಡೆ ಇಟ್ಟು ಇವೆರಡನ್ನು ಸೇರಿಸಬೇಕೇ ಬೇಡವೇ ಎಂದು ಕೇಳಲು ಒಂದು ಮಟ್ಟದ ನೆಮ್ಮದಿ ಬೇಕು. ಅದು ನಮ್ಮ ಮನೆಗಳಲ್ಲಿ ಇರಲಿಲ್ಲ. ಹಲಗೆ ಬಾರಿಸುವವನಿಗೆ ಬಾರಿಸುವುದು ಕಲೆ ಎಂದು ಯಾರೂ ಹೇಳಲಿಲ್ಲ, ಅದು ಅವನ ಮೇಲೆ ಹೇರಿದ ಕೆಲಸವಾಗಿತ್ತು. ಅದೇ ಹಲಗೆಯನ್ನು ಮೆರವಣಿಗೆಯ ಮುಂದೆ ತಲೆಯೆತ್ತಿ ಬಾರಿಸಿದ ದಿನ ಅದು ಕಲೆಯೂ ಆಯಿತು, ಹೋರಾಟವೂ ಆಯಿತು. ಎರಡೂ ಒಂದೇ ಗಳಿಗೆಯಲ್ಲಿ.

11-12ನೆಯ ಶತಮಾನಗಳಲ್ಲಿ ಮಾದಾರ ಚೆನ್ನಯ್ಯ, ಅಂಬಿಗರ ಚೌಡಯ್ಯ ವಚನ ಕಟ್ಟಿದಾಗ ಮೊದಲು ಕವಿಗಳಾಗಿ ಆಮೇಲೆ ಕಾರ್ಯಕರ್ತರಾದರೇ? 1973ರಲ್ಲಿ ದಲಿತ ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದದ್ದಕ್ಕೆ ರಾಜ್ಯವೇ ಹೊತ್ತಿ ಉರಿಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಅವರು ಮಂತ್ರಿ ಪದವಿ ಬಿಡಬೇಕಾಯಿತು. ಆ ಕಾವಿನಲ್ಲೇ ದಲಿತ ಸಂಘಟನೆ ಬೆಳೆಯಿತು, ಸಿದ್ಧಲಿಂಗಯ್ಯನವರ ಹಾಡುಗಳು ಮೆರವಣಿಗೆಯಿಂದ ಮೆರವಣಿಗೆಗೆ ಹರಡಿದವು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಕಾವ್ಯ ಖಡ್ಗವಾಗಲಿ ಎಂದಾಗ ಅದೇ ಘೋಷಣೆ ಜನರ ನೋವಿಗೆ ಮಿಡಿಯುವ ಪ್ರಾಣಮಿತ್ರನ ಮಾತನ್ನೂ ಆಡಿತ್ತು. ಆ ಎರಡನೆಯ ಅರ್ಧವನ್ನು ಜನ ಮರೆಯುತ್ತಾರೆ.

ಒಂದು ಮಾತು ಕಟುವಾಗಿಯೇ ಹೇಳುತ್ತೇನೆ. ಪ್ರಸಿದ್ಧ ಕಲಾವಿದರು ನಮ್ಮ ಪರವಾಗಿ ಮಾತನಾಡಲಿ ಎಂದು ನಾವು ಯಾವತ್ತೂ ಕಾದು ಕುಳಿತಿರಲಿಲ್ಲ. ನಮ್ಮ ನೋವನ್ನು ನಾಟಕ ಮಾಡಿ, ನಮ್ಮವರೊಬ್ಬರನ್ನೂ ತಂಡಕ್ಕೆ ಸೇರಿಸಿಕೊಳ್ಳದೆ, ಪ್ರಶಸ್ತಿ ಪಡೆದವರನ್ನು ನೋಡಿದ್ದೇವೆ. ಮೈಕು ಕೈಯಲ್ಲಿ ಇರುವವರ ಹೊಣೆ ಅದನ್ನು ದಾಟಿಸುವುದರಿಂದ ಶುರುವಾಗಲಿ. ಯಾರನ್ನು ಕುರಿತು ಹಾಡುತ್ತೀರೋ ಅವರು ವೇದಿಕೆಯ ಮೇಲಿದ್ದಾರೆಯೇ, ಹಣದ ಲೆಕ್ಕದಲ್ಲಿದ್ದಾರೆಯೇ ಎಂದು ಮೊದಲು ನೋಡಿಕೊಳ್ಳಿ.

ಕುಂಚ:

ಹಲಗೆಯ ದನಿ ಅವರೇ, ಕೊನೆಯ ವಾಕ್ಯವನ್ನು ನನ್ನ ಕೆಲಸದ ಕೋಣೆಯ ಗೋಡೆಗೆ ಬರೆದುಕೊಳ್ಳುತ್ತೇನೆ. ಚಿತ್ರ ಮಾರಾಟವಾದಾಗ ಚಿತ್ರದಲ್ಲಿರುವವನಿಗೆ ಏನು ಹೋಗುತ್ತದೆ ಎಂಬ ಪ್ರಶ್ನೆ ಛಾಯಾಚಿತ್ರಕಾರರ ನಡುವೆಯೂ ಬಹಳ ಹಿಂದಿನಿಂದ ಇದೆ. ಗಟ್ಟಿ ಉತ್ತರ ಇನ್ನೂ ಸಿಕ್ಕಿಲ್ಲ.

ಓದುಗಿ:

ನಾನು ಕಲಾವಿದೆಯಲ್ಲ, ಓದುವವಳು, ನೋಡುವವಳು. 'ಇದರಿಂದ ಏನು ಬದಲಾಯಿತು?' ಎಂಬ ಪ್ರಶ್ನೆಯನ್ನು ಯಾರೂ ಇನ್ನೂ ಎತ್ತಿಲ್ಲ, ಎತ್ತಲೇಬೇಕಾದ ಪ್ರಶ್ನೆ ಅದು.

ಅಂತರ್ಯುದ್ಧ ನಡೆಯುತ್ತಿದ್ದ 1937ರ ಜನವರಿಯಲ್ಲಿ ಸ್ಪೇನಿನ ಗಣರಾಜ್ಯ ಸರ್ಕಾರ ಪ್ಯಾರಿಸ್ಸಿನ ವಸ್ತುಪ್ರದರ್ಶನಕ್ಕಾಗಿ ಪಿಕಾಸೊಗೆ ಒಂದು ದೊಡ್ಡ ಚಿತ್ರ ಬರೆದುಕೊಡಲು ಹೇಳಿತು. ತಿಂಗಳುಗಳು ಕಳೆದರೂ ಅವರು ಯುದ್ಧವನ್ನು ಮುಟ್ಟಲಿಲ್ಲ, ಚಿತ್ರಕಾರನ ಕೋಣೆಯ ವಿಷಯವನ್ನೇ ಗೀಚುತ್ತಿದ್ದರು. ಏಪ್ರಿಲ್ 26ರಂದು ಗಣರಾಜ್ಯದ ವಿರುದ್ಧ ದಂಗೆಯೆದ್ದ ಸೇನಾನಿ ಫ್ರಾಂಕೊಗೆ ನೆರವಾಗಿ ಬಂದಿದ್ದ ಜರ್ಮನ್ ಮತ್ತು ಇಟಾಲಿಯನ್ ವಿಮಾನಗಳು ಗೆರ್ನಿಕಾ ಎಂಬ ಊರನ್ನು ಸುಟ್ಟವು. ಆ ಸುದ್ದಿ ಬಂದ ಮೇಲೆ ಸುಮಾರು ಒಂದು ತಿಂಗಳಲ್ಲಿ ಏಳೂವರೆ ಮೀಟರಿಗಿಂತ ಅಗಲದ ಆ ಕಪ್ಪು-ಬಿಳುಪಿನ ಚಿತ್ರ ಮುಗಿಯಿತು. ಯುದ್ಧ ನಿಂತಿತೇ? ಇಲ್ಲ. 1939ರಲ್ಲಿ ಫ್ರಾಂಕೊ ಗೆದ್ದ, 1975ರವರೆಗೆ ಆಳಿದ. ಚಿತ್ರ ದೇಶ ದೇಶ ಸುತ್ತಿ ನಿರಾಶ್ರಿತರಿಗೆ ಒಂದಿಷ್ಟು ಹಣ ಕೂಡಿಸಿತು, ಅಷ್ಟೇ. ಸ್ಪೇನಿಗೆ ಅದು ಬಂದದ್ದು 1981ರಲ್ಲಿ.

ಆದರೆ 2003ರ ಫೆಬ್ರವರಿಗೆ ಬನ್ನಿ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಸಭಾಂಗಣದ ಹೊರಗೆ ಆ ಚಿತ್ರದ ನೇಯ್ದ ಪ್ರತಿಯೊಂದು ತೂಗುತ್ತಿತ್ತು. ಇರಾಕಿನ ಮೇಲಿನ ಯುದ್ಧಕ್ಕೆ ಸಮರ್ಥನೆ ಕೊಡಲು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಅಲ್ಲಿಗೆ ಬಂದಾಗ ಅದರ ಮೇಲೆ ನೀಲಿ ಪರದೆ ಎಳೆದಿದ್ದರು. ಟಿವಿ ಕ್ಯಾಮೆರಾಗಳ ಅನುಕೂಲಕ್ಕೆ ಎಂಬುದು ಅಧಿಕೃತ ವಿವರಣೆ. ಬಾಂಬಿನ ಮಾತನಾಡುವ ಮನುಷ್ಯನ ಹಿಂದೆ ಬಾಂಬಿಗೆ ಸಿಕ್ಕ ಹೆಂಗಸಿನ ಬಾಯಿ ಕಾಣಬಾರದು ಎಂದು ಯಾರಿಗೋ ಅನ್ನಿಸಿತ್ತು ಎಂದೇ ನಾನು ನಂಬುತ್ತೇನೆ. ಆರು ದಶಕ ದಾಟಿದ ಮೇಲೂ ಮುಚ್ಚಿಡಬೇಕಾದ ಚಿತ್ರ ಅದು. ಹೀಗಿರುವಾಗ ಮುಂದಿನ ಚುನಾವಣೆಯ ಫಲಿತಾಂಶ ನೋಡಿ ಕಲೆಯ ಪರಿಣಾಮವನ್ನು ಅಳೆಯುವುದು ಸರಿಯಲ್ಲ.

ಇನ್ನೊಂದು ಸಂಗತಿ. ಪಿಕಾಸೊಗೆ ಸರ್ಕಾರದ ಕರೆ ಬಂದು ಮೂರು ತಿಂಗಳು ಏನೂ ಹೊಳೆಯಲಿಲ್ಲ ಎಂಬುದನ್ನು ಪಟ್ಟಿ ಮಾಡುವವರು ಗಮನಿಸಬೇಕು. ಮರುದಿನವೇ ಪ್ರತಿಕ್ರಿಯೆ ಕೇಳುವ ಹಟ ಕಲೆಗೆ ಹೊಂದುವುದಿಲ್ಲ.

ದೂರದ ಕೇಳುಗ:

ರಂಗಸಂಗಾತಿ ಅವರ 'ಒಲ್ಲೆ' ಎಂಬ ಅಳತೆಗೋಲು ನೇರವಾಗಿ ಕಂಡರೂ ಆಚರಣೆಯಲ್ಲಿ ಅಷ್ಟು ಸರಳವಲ್ಲ. ವರ್ಣಭೇದದ ದಕ್ಷಿಣ ಆಫ್ರಿಕಾದಲ್ಲಿ ಯಾರೂ ಹಾಡಬಾರದು, ಆಡಬಾರದು ಎಂಬ ಸಾಂಸ್ಕೃತಿಕ ಬಹಿಷ್ಕಾರಕ್ಕೆ 1980ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯೂ ಒತ್ತು ಕೊಟ್ಟಿತು. ಹೀಗಿರುವಾಗ 1985ರಲ್ಲಿ ಅಮೆರಿಕದ ಗಾಯಕ ಪಾಲ್ ಸೈಮನ್ ಜೊಹಾನ್ಸ್‌ಬರ್ಗ್‌ಗೆ ಹೋಗಿ ಅಲ್ಲಿನ ಕಪ್ಪು ಸಂಗೀತಗಾರರ ಜೊತೆ ಧ್ವನಿಮುದ್ರಣ ಮಾಡಿದರು. ಬಹಿಷ್ಕಾರ ಮುರಿದರು ಎಂದು ಚಳವಳಿಯವರು ಸಿಟ್ಟಾದರು. ಆ ಸಂಗೀತಗಾರರಿಗಾದರೋ ಒಳ್ಳೆಯ ಸಂಭಾವನೆ ಸಿಕ್ಕಿತು, ಜಗತ್ತಿನ ಕಿವಿ ಸಿಕ್ಕಿತು. 1987ರ ಪ್ರವಾಸದಲ್ಲಿ ದಕ್ಷಿಣ ಆಫ್ರಿಕಾದ ಗಾಯಕಿ ಮಿರಿಯಂ ಮಕೇಬಾ ಮತ್ತು ಕಹಳೆ ವಾದಕ ಹ್ಯೂ ಮಸಕೇಲಾ ಸೈಮನ್ ಜೊತೆ ವೇದಿಕೆ ಹತ್ತಿದರು. ಮಕೇಬಾ ಯಾರು? 1963ರಲ್ಲಿ ವಿಶ್ವಸಂಸ್ಥೆಯ ಮುಂದೆ ವರ್ಣಭೇದದ ವಿರುದ್ಧ ಸಾಕ್ಷಿ ನುಡಿದು ತಾಯ್ನಾಡಿನ ಬಾಗಿಲನ್ನೇ ಕಳೆದುಕೊಂಡವರು. ಬಹಿಷ್ಕಾರದ ಬೆಲೆಯನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

ಈ ಪ್ರಕರಣವನ್ನು ಎಷ್ಟು ಸಲ ಯೋಚಿಸಿದರೂ ಎರಡೂ ಕಡೆಯವರ ಮಾತಿನಲ್ಲಿ ಹುರುಳು ಕಾಣುತ್ತದೆ. ಹೋಗುವ ಮುನ್ನ ಸೈಮನ್ ಚಳವಳಿಯ ನಾಯಕರ ಒಪ್ಪಿಗೆ ಕೇಳಲಿಲ್ಲ ಎಂಬ ದೂರು ಮಾತ್ರ ನನಗೆ ಗಟ್ಟಿಯಾಗಿ ತೋರುತ್ತದೆ. ಯಾರ ಹೆಸರಿನಲ್ಲಿ ಬಹಿಷ್ಕಾರ ನಡೆದಿದೆಯೋ ಅವರ ಮಾತು ಕೇಳದೆ ಕಲಾವಿದ ತಾನೇ ತೀರ್ಮಾನಿಸಿದರೆ, ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ ಅದು ಏಕಪಕ್ಷೀಯ. ಹಲಗೆಯ ದನಿ ಅವರ ಮಾತು ಇಲ್ಲಿಗೂ ಸಲ್ಲುತ್ತದೆ.

ಹಿಮ್ಮೇಳ:

ಬಹಳ ಹೊತ್ತಿನಿಂದ ಬರೆಯಲೋ ಬೇಡವೋ ಎಂದುಕೊಳ್ಳುತ್ತಿದ್ದೆ. ನಾನು ಪಕ್ಕವಾದ್ಯ ನುಡಿಸುವವನು. ಇಲ್ಲಿ ಬಂದ ಹೆಸರುಗಳೆಲ್ಲ ಮುಂದಿನ ಸಾಲಿನವರದು. ಮುಂದಿನವರು ಮಾತನಾಡಿದಾಗ ಹಿಂದೆ ಕೂತವರಿಗೆ ಏನಾಗುತ್ತದೆ ಎಂದು ಯಾರೂ ಕೇಳುವುದಿಲ್ಲ.

ನಾನಿದ್ದ ತಂಡದ ಮುಖ್ಯ ಗಾಯಕರು ಒಂದು ವಿಷಯದಲ್ಲಿ ಬಹಿರಂಗವಾಗಿ ನಿಲುವು ತೆಗೆದುಕೊಂಡರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು, ಇವತ್ತಿಗೂ ನಾನು ಅದರ ಪರ. ಪ್ರಾಯೋಜಕರು ಹಿಂದೆ ಸರಿದರು, ಒಂದೊಂದಾಗಿ ಕಛೇರಿಗಳು ರದ್ದಾದವು. ಮುಖ್ಯ ಗಾಯಕರಿಗೆ ಉಳಿತಾಯ ಇತ್ತು, ಬೇರೆಡೆಯಿಂದ ಆಹ್ವಾನಗಳು ಬಂದವು, ಧೈರ್ಯವಂತರೆಂದು ಸಂದರ್ಶನಗಳಾದವು. ನಮಗೆ, ಅಂದರೆ ಮೃದಂಗ, ಪಿಟೀಲು, ಧ್ವನಿವರ್ಧಕ ನೋಡಿಕೊಳ್ಳುವ ಹುಡುಗ, ವ್ಯಾನ್ ಓಡಿಸುವವರು, ನಮಗೆಲ್ಲ ಆ ಋತುವಿನ ದುಡಿಮೆಯೇ ಹೋಯಿತು. ನಿಲುವು ಪ್ರಕಟವಾಗುವ ಮುನ್ನ ನಮ್ಮನ್ನು ಒಂದು ಮಾತು ಕೇಳಿರಲಿಲ್ಲ. ಕೇಳಿದ್ದರೆ ನಾನು ಹೂಂ ಎನ್ನುತ್ತಿದ್ದೆ, ಬಹುಶಃ ಎಲ್ಲರೂ. ಆದರೆ ಕೇಳದೆ ನಮ್ಮ ಹೊಟ್ಟೆಯನ್ನು ಪಣಕ್ಕಿಟ್ಟದ್ದು ಸರಿಯಲ್ಲ.

ಅಮೆರಿಕದಲ್ಲಿ 1950ರಲ್ಲಿ ರಾಜಕೀಯ ನಿಲುವಿನ ಕಾರಣಕ್ಕೆ ಕಪ್ಪು ಗಾಯಕ ಪಾಲ್ ರೋಬ್ಸನ್ ಅವರ ಪಾಸ್‌ಪೋರ್ಟ್ ಕಿತ್ತುಕೊಂಡರು, 1958ರವರೆಗೆ ಕೊಡಲಿಲ್ಲ. ದೇಶದೊಳಗೆ ಸಭಾಂಗಣಗಳ ಬಾಗಿಲು ಮುಚ್ಚಿದವು. ಅಂಥ ಕಾಲದಲ್ಲೂ ಅವರು ಹೇಗೆ ಹಾಡಿದರು ನೋಡಿ. 1957ರಲ್ಲಿ ಲಂಡನ್ನಿನ ಸಭಾಂಗಣವೊಂದರಲ್ಲಿ ಸೇರಿದ್ದ ಜನರಿಗೆ ಅಟ್ಲಾಂಟಿಕ್ ಸಮುದ್ರದಡಿಯ ದೂರವಾಣಿ ತಂತಿಯ ಮೂಲಕ ನ್ಯೂಯಾರ್ಕಿನಿಂದ ಹಾಡಿದರು. ಆ ಸಭೆ ಸೇರಿಸಿದವರು, ತಂತಿಯ ವ್ಯವಸ್ಥೆ ಮಾಡಿದವರು, ಬಂದು ಕುಳಿತವರು ಇಲ್ಲದಿದ್ದರೆ ಅವರ ನಿಲುವು ಒಂದು ಕೋಣೆಯೊಳಗೇ ಉಳಿಯುತ್ತಿತ್ತು. ಕಲಾವಿದರಿಂದ ಧೈರ್ಯ ಬಯಸುವವರು ಅವರ ಬೆನ್ನಿಗೆ ಇಂಥ ಏರ್ಪಾಡನ್ನೂ ಕಟ್ಟಬೇಕು. ಕಟ್ಟದೆ ಧೈರ್ಯವನ್ನಷ್ಟೇ ಬೇಡಿದರೆ ನಾವು ಇನ್ನೊಬ್ಬರ ಅನ್ನದಲ್ಲಿ ನಮ್ಮ ಆತ್ಮಸಾಕ್ಷಿಯನ್ನು ತಣಿಸಿಕೊಳ್ಳುತ್ತಿದ್ದೇವೆ ಎಂದೇ ಅರ್ಥ.

ತಂಬೂರಿ:

ಹಿಮ್ಮೇಳ ಅವರೇ, ನಿಮ್ಮ ಮಾತು ನನ್ನನ್ನು ನೇರವಾಗಿ ತಟ್ಟಿತು, ನಾನು ಮುಂದೆ ಕೂರುವವಳು. ನಾನು ಮಾತನಾಡದಿರುವುದಕ್ಕೆ ಒಂದು ಕಾರಣ ಇದೂ ಹೌದು, ಅದನ್ನು ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ.

ಪ್ರಶಸ್ತಿ ವಾಪಸಾತಿಯ ಬಗ್ಗೆ ಏನೆನ್ನುತ್ತೀರಿ? ಅದರಲ್ಲಿ ಪಕ್ಕವಾದ್ಯದವರ ಅನ್ನ ಹೋಗುವುದಿಲ್ಲ. ಆದರೆ ಕಾಗದ, ಫಲಕ ಹಿಂದಿರುಗಿಸಿ ಏನು ಸಾಧಿಸಿದರು ಎಂಬ ಟೀಕೆ ಇದೆಯಲ್ಲ.

ಓದುಗಿ:

ಟ್ಯಾಗೋರ್ 1919ರಲ್ಲಿ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ನಂತರ ನೈಟ್ ಪದವಿ ತೊರೆದರು, ಶಿವರಾಮ ಕಾರಂತರು ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಪದ್ಮಭೂಷಣ ಹಿಂದಿರುಗಿಸಿದರು. ಕಾರಂತರು ಅಲ್ಲಿಗೇ ನಿಲ್ಲಲಿಲ್ಲ ಎಂಬುದು ಮುಖ್ಯ. ಕೈಗಾ ಅಣುಸ್ಥಾವರದ ವಿರುದ್ಧ ಹೋರಾಡಿ, 1989ರಲ್ಲಿ ಎಂಬತ್ತು ದಾಟಿದ ವಯಸ್ಸಿನಲ್ಲಿ ಲೋಕಸಭೆಗೆ ಸ್ಪರ್ಧಿಸಿ ಸೋತರು. ಆ ಸೋಲು ಅವರ ಬರವಣಿಗೆಯನ್ನು ಒಂದಿಷ್ಟೂ ಕುಗ್ಗಿಸಲಿಲ್ಲ.

2015ರ ಆಗಸ್ಟ್ 30ರಂದು ಎಂ.ಎಂ. ಕಲಬುರ್ಗಿಯವರನ್ನು ಧಾರವಾಡದ ಮನೆಯಲ್ಲೇ ಗುಂಡಿಟ್ಟು ಕೊಂದರು. ಅವರಿಗೆ ಪ್ರಶಸ್ತಿ ಕೊಟ್ಟಿದ್ದ ಕೇಂದ್ರ ಸಾಹಿತ್ಯ ಅಕಾಡೆಮಿ ವಾರಗಟ್ಟಲೆ ಗಟ್ಟಿ ಮಾತನಾಡಲಿಲ್ಲ. ಹಿಂದಿಯ ಉದಯ ಪ್ರಕಾಶ್ ಮೊದಲು ಪ್ರಶಸ್ತಿ ಮರಳಿಸಿದರು, ಬಳಿಕ ಹಲವು ಭಾಷೆಗಳ ಲೇಖಕರು, ನಮ್ಮ ದೇವನೂರ ಮಹಾದೇವ ಅವರೂ ಸೇರಿದಂತೆ. ಅಕ್ಟೋಬರ್ 23ರಂದು ಅಕಾಡೆಮಿಯ ಕಾರ್ಯಕಾರಿ ಮಂಡಳಿ ಸಭೆ ಸೇರಿ ಹತ್ಯೆಯನ್ನು ಖಂಡಿಸುವ ನಿರ್ಣಯ ಮಾಡಿತು. ಫಲಕ ಮರಳಿಸದಿದ್ದರೆ ಆ ನಿರ್ಣಯ ಬರುತ್ತಿತ್ತೇ? ನನಗೆ ಅನುಮಾನ.

ಅದೇ ವರ್ಷದ ಜನವರಿಯಲ್ಲಿ ತಮಿಳು ಲೇಖಕ ಪೆರುಮಾಳ್ ಮುರುಗನ್ ಕಾದಂಬರಿಯೊಂದರ ವಿರುದ್ಧದ ಒತ್ತಡ ತಾಳಲಾರದೆ ತಮ್ಮೊಳಗಿನ ಲೇಖಕ ಸತ್ತಿದ್ದಾನೆ ಎಂದು ಘೋಷಿಸಿದ್ದರು. ಮದ್ರಾಸ್ ಹೈಕೋರ್ಟ್ 2016ರ ಜುಲೈನಲ್ಲಿ ಅವರ ಪರ ತೀರ್ಪು ಕೊಟ್ಟು, ಮತ್ತೆ ಬರೆಯಲಿ ಎಂದಿತು. ಲೇಖಕರ ಸಂಘಟನೆ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದರಿಂದ ಅದು ಸಾಧ್ಯವಾಯಿತು. ಹಿಮ್ಮೇಳ ಅವರು ಹೇಳಿದ ಬೆನ್ನಿನ ಏರ್ಪಾಡು ಎಂದರೆ ಇದೂ ಹೌದು.

ರಂಗಸಂಗಾತಿ:

ಹಿಮ್ಮೇಳ ಅವರ ಮಾತು ಓದಿದ ಮೇಲೆ ಸಫ್ದರ್ ಹಶ್ಮಿಯವರ ನೆನಪು ಬೇರೆ ರೀತಿಯಲ್ಲಿ ಬಂತು. 1989ರ ಜನವರಿ 1ರಂದು ದೆಹಲಿಯ ಬಳಿಯ ಝಂಡಾಪುರದಲ್ಲಿ ಬೀದಿ ನಾಟಕ ಆಡುತ್ತಿದ್ದಾಗ ದಾಳಿ ನಡೆಯಿತು, ಮರುದಿನ ಅವರು ತೀರಿಕೊಂಡರು. 34 ವರ್ಷ ವಯಸ್ಸು. ಅದೇ ದಾಳಿಯಲ್ಲಿ ರಾಮ್ ಬಹಾದುರ್ ಎಂಬ ಕಾರ್ಮಿಕನೂ ಸತ್ತ. ಆ ಹೆಸರನ್ನು ನಮ್ಮಲ್ಲಿ ಎಷ್ಟು ಜನ ಹೇಳುತ್ತಾರೆ? ಜನವರಿ 4ರಂದು ಹಶ್ಮಿಯವರ ಪತ್ನಿ ಮಲಯಶ್ರೀ ಮತ್ತು ತಂಡ ಅದೇ ಜಾಗಕ್ಕೆ ಮರಳಿ ಅರ್ಧಕ್ಕೆ ನಿಂತ ನಾಟಕವನ್ನು ಪೂರ್ತಿ ಆಡಿತು. ಒಬ್ಬ ವ್ಯಕ್ತಿಯ ಧೈರ್ಯವಾಗಿದ್ದರೆ ಅದು ಅಲ್ಲೇ ಮುಗಿಯುತ್ತಿತ್ತು. ತಂಡದ ಪ್ರತಿಯೊಬ್ಬರೂ ಹೋಗೋಣ ಎಂದದ್ದರಿಂದ ಮುಂದುವರಿಯಿತು.

ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರಿನ ಸೆರೆಯಲ್ಲಿದ್ದ ನಟಿ ಸ್ನೇಹಲತಾ ರೆಡ್ಡಿಯವರ ಆಸ್ತಮಾ ಅಲ್ಲಿ ಉಲ್ಬಣಿಸಿತು. ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ಅವರು ತೀರಿಕೊಂಡರು. ಮೌನವಾಗಿದ್ದವರ ಪಟ್ಟಿ ಬರೆಯುವವರು ಈ ಹೆಸರನ್ನೂ ಒಮ್ಮೆ ಬರೆದು ನೋಡಲಿ, ತಾವು ಯಾವುದನ್ನು ಬೇಡುತ್ತಿದ್ದೇವೆ ಎಂದು ತಿಳಿದೀತು.

ಹಿಮ್ಮೇಳ ಅವರೇ, ನೇರ ಪ್ರಶ್ನೆ: ನಿಮ್ಮ ತಂಡದಲ್ಲಿ ಏನಿದ್ದರೆ ಆಗ ಪರಿಸ್ಥಿತಿ ಬೇರೆಯಾಗಿರುತ್ತಿತ್ತು?

ಹಿಮ್ಮೇಳ:

ಮೂರು ಸಂಗತಿ. ಒಂದು, ಬಹಿರಂಗ ನಿಲುವಿಗೆ ಮುನ್ನ ತಂಡದ ಎಲ್ಲರೂ ಕೂತು ಮಾತನಾಡುವುದು, ಒಪ್ಪದವರಿಗೆ ಗೌರವದಿಂದ ಹೊರಗುಳಿಯಲು ಅವಕಾಶ. ಎರಡು, ರದ್ದಾದ ಕಛೇರಿಗೂ ಪಕ್ಕವಾದ್ಯದವರಿಗೆ, ತಂತ್ರಜ್ಞರಿಗೆ ಕನಿಷ್ಠ ಸಂಭಾವನೆ ಕೊಡಬೇಕೆಂದು ಕರಾರಿನಲ್ಲೇ ಬರೆಸುವುದು. ಮೂರು, ಒಳ್ಳೆಯ ದಿನಗಳಲ್ಲಿ ಪ್ರತಿ ಕಾರ್ಯಕ್ರಮದಿಂದ ಒಂದಿಷ್ಟು ಎತ್ತಿಟ್ಟ ನಿಧಿ.

ತಂಬೂರಿ:

ನಿಧಿ ಯಾರ ಕೈಯಲ್ಲಿರಬೇಕು? ಮುಖ್ಯ ಗಾಯಕರ ಕೈಯಲ್ಲೇ?

ಹಿಮ್ಮೇಳ:

ಬೇಡ. ಮುಖ್ಯ ಗಾಯಕರ ಕೈಯಲ್ಲಿದ್ದರೆ ಅದು ಅವರ ಔದಾರ್ಯವಾಗುತ್ತದೆ, ನಾವು ಕೇಳಲು ಹಿಂಜರಿಯುತ್ತೇವೆ. ಪಕ್ಕವಾದ್ಯದವರಿಂದ ಒಬ್ಬರು, ತಂತ್ರಜ್ಞರಿಂದ ಒಬ್ಬರು, ತಂಡಕ್ಕೆ ಸೇರದ ಕೇಳುಗರೊಬ್ಬರು, ಈ ಮೂವರ ಸಹಿಯಲ್ಲಿ ಇರಲಿ. ಲೆಕ್ಕ ವರ್ಷಕ್ಕೊಮ್ಮೆ ಎಲ್ಲರ ಮುಂದೆ ಓದಬೇಕು.

ಓದುಗಿ:

ಆ ಮೂರನೆಯ ಸಹಿಗೆ ನಾನು ಸಿದ್ಧಳಿದ್ದೇನೆ. ತಂಬೂರಿ ಅವರೇ, ನಿಮ್ಮ ತಂಡದಲ್ಲಿ ಎಷ್ಟು ಜನ ಇದ್ದೀರಿ?